ಹೊಲಿಗೆ ಕೆಲಸದಿಂದ ಬಂದ ಭುಜದ ನೋವಿಗೆ ಮಾತ್ರೆಯಲ್ಲದ ದಾರಿ

ಪ್ರಶ್ನೆ: 12 ವರ್ಷಗಳಿಂದ ಹೊಲಿಗೆ ಕೆಲಸ ಮಾಡುತ್ತಿರುವ ನನ್ನ ಅಕ್ಕನಿಗೆ ಕುತ್ತಿಗೆಯಿಂದ ಭುಜದವರೆಗೆ ಸದಾ ನೋವಿದ್ದು, ಮಾತ್ರೆಗಳಿಂದ ಎದೆಯುರಿ ಬರುತ್ತಿದೆ. ಹೆಚ್ಚು ಖರ್ಚಿಲ್ಲದ ಉಪಾಯಗಳಿದ್ದರೆ ದಯವಿಟ್ಟು ತಿಳಿಸಿ.

ಉತ್ತರ 1: ಬಿಸಿನೀರಿನ ಚೀಲವನ್ನು ಬಟ್ಟೆಯಲ್ಲಿ ಸುತ್ತಿ 15ರಿಂದ 20 ನಿಮಿಷ ಶಾಖ ಕೊಟ್ಟರೆ ರಕ್ತಸಂಚಾರ ಹೆಚ್ಚಿ ಬಿಗಿದ ಸ್ನಾಯು ಸಡಿಲವಾಗುತ್ತದೆ. ಮಧುಮೇಹದಿಂದ ಸ್ಪರ್ಶಜ್ಞಾನ ಕುಂದಿದವರು ಸುಟ್ಟುಕೊಳ್ಳದಂತೆ ಎಚ್ಚರ ವಹಿಸಬೇಕು.

ಉತ್ತರ 2: ಶಾಖದ ಆರಾಮ ತಾತ್ಕಾಲಿಕ; ನನಗೆ ನಿಜವಾಗಿ ನೆರವಾದದ್ದು ವ್ಯಾಯಾಮ. ಅರ್ಧ ಗಂಟೆಗೊಮ್ಮೆ ಎದ್ದು ಭುಜಗಳನ್ನು ತಿರುಗಿಸಿ, ಕುತ್ತಿಗೆಯನ್ನು ಒಂದೊಂದು ಬದಿಗೂ ನಿಧಾನವಾಗಿ ಬಾಗಿಸಿ 20 ಸೆಕೆಂಡು ಹಾಗೆಯೇ ಇರಿಸಬೇಕು. ಗೋಡೆಗೂ ಬೆನ್ನಿಗೂ ನಡುವೆ ಟೆನ್ನಿಸ್ ಚೆಂಡಿಟ್ಟು ಒತ್ತುವುದೂ ಹಿತವೆನಿಸುತ್ತದೆ. ಆದರೆ ಬಗ್ಗಿ ಹೊಲಿಯದಂತೆ ಸ್ಟೂಲಿನ ಎತ್ತರವನ್ನು ಸರಿಪಡಿಸದಿದ್ದರೆ ನೋವು ಮರಳಿ ಬರುತ್ತದೆ.

ಉತ್ತರ 3: ಕೈ ಜೋಮು ಹಿಡಿದರೆ ಅಥವಾ ಹಿಡಿತ ದುರ್ಬಲವಾದರೆ ಅಕ್ಕನವರು ಮೊದಲು ವೈದ್ಯರನ್ನು ಕಾಣಲಿ.