ಲಂಡನ್: ಸಮ್ಮರ್ ಸ್ಕೂಲ್ ಜೊತೆ ಇಂಟರ್ನ್‌ಶಿಪ್, ಯಾವ ವೀಸಾ?

ಹುಬ್ಬಳ್ಳಿ_ಹುಡುಗಿ: ಜೂನ್‌ನಲ್ಲಿ ಮೂರು ವಾರದ ಕೋರ್ಸು, ಅದಾದ ಮೇಲೆ ಆರು ವಾರ ಸಂಬಳವಿಲ್ಲದ ಇಂಟರ್ನ್‌ಶಿಪ್. ಎರಡಕ್ಕೂ ವಿಸಿಟರ್ ವೀಸಾ ಸಾಕಾಗುತ್ತಾ?

ತುಂಗಾತೀರ: ಕೋರ್ಸಿಗೆ ಸಾಕು, ಸಂಸ್ಥೆಗೆ ಮಾನ್ಯತೆ ಇರಬೇಕು ಅಷ್ಟೆ. ಇಂಟರ್ನ್‌ಶಿಪ್‌ಗೆ ಆಗಲ್ಲ, ಸಂಬಳ ಕೊಡದಿದ್ದರೂ ಅದು ಕೆಲಸವೇ. ಅಲ್ಲಿಗೆ ಹೋಗಿ ವೀಸಾ ಬದಲಿಸಲೂ ಬಿಡುವುದಿಲ್ಲ. ನಿಮಗೆ ಬೇಕಾದ್ದು ಗವರ್ನಮೆಂಟ್ ಆಥರೈಸ್ಡ್ ಎಕ್ಸ್‌ಚೇಂಜ್ ವೀಸಾ, ಅಂದರೆ ಇಂಟರ್ನ್‌ಶಿಪ್, ತರಬೇತಿಯಂಥವಕ್ಕೆ ಕೊಡುವ ತಾತ್ಕಾಲಿಕ ಕೆಲಸದ ವೀಸಾ. ಇದರಲ್ಲಿ ಓದಲೂಬಹುದು. ಇದಕ್ಕೆ ಸ್ಪಾನ್ಸರ್‌ಶಿಪ್ ಸರ್ಟಿಫಿಕೇಟ್ ಬೇಕು. ಅದನ್ನು ಸಾಮಾನ್ಯವಾಗಿ ಕಂಪನಿ ಕೊಡುವುದಿಲ್ಲ, ಅನುಮೋದಿತ ಯೋಜನೆ ನಡೆಸುವ ಸಂಸ್ಥೆ ಕೊಡುತ್ತದೆ. ಹೆಚ್ಚಿನವರು ಎಡವುವುದು ಇಲ್ಲೇ. ಯಾವ ಯೋಜನೆಯಡಿ ಎಂದು ಕಂಪನಿಯನ್ನು ಇವತ್ತೇ ಕೇಳಿ.

ಎರಡನೇ ತೊಡಕು ದಿನಾಂಕದ್ದು. ಕೆಲಸ ಶುರುವಾಗುವ 14 ದಿನ ಮೊದಲಷ್ಟೇ ಈ ವೀಸಾ ಜಾರಿಗೆ ಬರುತ್ತದೆ, ನಿಮ್ಮ ಕೋರ್ಸು ಮೂರು ವಾರ. ಎರಡು ವಾರದ ಕೋರ್ಸು ಹುಡುಕಿ, ಇಲ್ಲವೇ ಕೆಲಸದ ಜೊತೆಗೇ ನಡೆಯುವ ಸಂಜೆ ಕೋರ್ಸು.

ಬೆಣ್ಣೆದೋಸೆ_ದಾವಣಗೆರೆ: ದುಡ್ಡಿನ ಲೆಕ್ಕವನ್ನೂ ನೋಡಿಕೊಳ್ಳಮ್ಮ. ಸರ್ಟಿಫಿಕೇಟ್ ಕೊಡುವ ಸ್ಪಾನ್ಸರ್ ನಿಮ್ಮ ಖರ್ಚಿನ ಹೊಣೆ ಹೊರದಿದ್ದರೆ ಖಾತೆಯಲ್ಲಿ 1,270 ಪೌಂಡ್ ಸತತ 28 ದಿನ ಇರಬೇಕು. ನಡುವೆ ಒಂದು ದಿನ ಕೆಳಗಿಳಿದರೂ ಎಣಿಕೆ ಮತ್ತೆ ಒಂದರಿಂದ. ವಿನಿಮಯ ದರ ಏರಿಳಿಯುತ್ತದೆ, ಸ್ವಲ್ಪ ಹೆಚ್ಚೇ ಇಡಿ. ಆರು ತಿಂಗಳೊಳಗಿನ ವಾಸವಾದ್ದರಿಂದ ಟಿಬಿ ಪರೀಕ್ಷೆ ಬೇಡ, ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಗಾಗಿ ವೀಸಾ ಜೊತೆ ಕಟ್ಟುವ ಸರ್‌ಚಾರ್ಜೂ ಇಲ್ಲ. ಪ್ರಯಾಣ ವಿಮೆ ಮಾಡಿಸಿ.

ಕಾವೇರಿ_ಕಣಿವೆ: ಬೇಸಿಗೆಯಲ್ಲಿ ವಿಶ್ವವಿದ್ಯಾಲಯಗಳ ಹಾಸ್ಟೆಲ್ ಕೋಣೆಗಳು ಬಾಡಿಗೆಗೆ ಸಿಗುತ್ತವೆ, ಮೊದಲು ಅಲ್ಲಿ ವಿಚಾರಿಸಿ. ಟ್ಯೂಬ್‌ನಲ್ಲಿ, ಅಂದರೆ ಲಂಡನ್ ಮೆಟ್ರೋದಲ್ಲಿ, ಹತ್ತುವಾಗ, ಇಳಿಯುವಾಗ ನಿಲ್ದಾಣದ ಯಂತ್ರಕ್ಕೆ ಒಂದೇ ಕಾರ್ಡ್ ತಟ್ಟಿ. ಕಾರ್ಡ್ ಒಮ್ಮೆ, ಫೋನ್ ಒಮ್ಮೆ ತಟ್ಟಿದರೆ ಎರಡು ಅಪೂರ್ಣ ಪ್ರಯಾಣವೆಂದು ಗರಿಷ್ಠ ದರ ಕತ್ತರಿಸುತ್ತಾರೆ. ಬಸ್ಸಿಗೆ ಹತ್ತುವಾಗ ತಟ್ಟಿದರೆ ಸಾಕು.