ಮನೆತನದ ಹೆಸರುಗಳನ್ನು ಹುಡುಕುವುದು ಹೇಗೆ? ಮಾಡಿದವರು ಹೇಳಿ

ನಮ್ಮದು ತಿಪಟೂರು ಕಡೆಯ ಹಳ್ಳಿ. ಹೋದ ತಿಂಗಳು ಅಜ್ಜಿ ತೀರಿಕೊಂಡರು. ಹನ್ನೆರಡನೇ ದಿನ ಪುರೋಹಿತರು ಅಜ್ಜಿಯ ಅತ್ತೆಯ ಹೆಸರು, ಆ ಅತ್ತೆಯ ಅತ್ತೆಯ ಹೆಸರು ಕೇಳಿದರು. ಮೊದಲನೆಯದು ಅಪ್ಪನಿಗೆ ಗೊತ್ತಿತ್ತು. ಎರಡನೆಯದು ಅಲ್ಲಿದ್ದ ಮೂವತ್ತು ಜನರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಹೆಸರು ಬಿಟ್ಟೇ ಕಾರ್ಯ ಮುಗಿಯಿತು. ಅವತ್ತಿನಿಂದ ಮನಸ್ಸಿಗೆ ಸಮಾಧಾನ ಇಲ್ಲ. ವಂಶವೃಕ್ಷ ಬರೆಯಬೇಕು ಅಂತಿದ್ದೇನೆ. ಮೊಮ್ಮಗಳು ನಾನು, ಎಲ್ಲಿಂದ ಶುರು ಮಾಡಲಿ?

ಮಂಡ್ಯದಿಂದ, ನಿವೃತ್ತ ಗ್ರಾಮ ಲೆಕ್ಕಿಗ

ಪಹಣಿಯಿಂದ, ಅಂದರೆ ಜಮೀನಿನ ದಾಖಲೆಯಿಂದ ಶುರು ಮಾಡಮ್ಮ. ಒಂಬತ್ತನೇ ಕಾಲಂನಲ್ಲಿ ಮಾಲೀಕರ ಹೆಸರು, ಹತ್ತನೆಯದರಲ್ಲಿ ಜಮೀನು ಹೇಗೆ ಬಂತು ಅನ್ನುವುದು ಇರುತ್ತದೆ. ಅಲ್ಲಿರುವ ಎಂಆರ್ (ಮ್ಯುಟೇಶನ್ ರಿಜಿಸ್ಟರ್) ನಂಬರ್ ಹಿಡಿದು ಮ್ಯುಟೇಶನ್, ಅಂದರೆ ಖಾತೆ ಬದಲಾವಣೆಯ ನಕಲು ತೆಗೆಸು. 'ಪೌತಿ' (ಮಾಲೀಕರು ತೀರಿಕೊಂಡ ಮೇಲೆ ವಾರಸುದಾರರಿಗೆ ಆದ ಖಾತೆ) ಅಂತ ಇದ್ದರೆ ಬಿಡಬೇಡ. ಯಾರು ತೀರಿಕೊಂಡರು, ಖಾತೆ ಯಾರಿಗೆ ಹೋಯಿತು, ಎರಡೂ ಸಿಗುತ್ತದೆ. ಪಹಣಿಯನ್ನು ಕಂಪ್ಯೂಟರಿಗೆ ಹಾಕಿದ ಭೂಮಿ ತಂತ್ರಾಂಶ ಬಂದದ್ದು 2000ದ ಆಸುಪಾಸಿನಲ್ಲಿ. ಅದಕ್ಕೂ ಹಿಂದಿನದೆಲ್ಲ ಕೈಬರಹ. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಅರ್ಜಿ ಕೊಡಬೇಕು. ಪೋಡಿ ಆಗಿ, ಅಂದರೆ ಜಮೀನು ಅಳೆದು ಭಾಗವಾಗಿ, ಸರ್ವೆ ನಂಬರ್ ಬದಲಾಗಿರಬಹುದು, ಹಳೆಯ ನಂಬರ್ ಮೊದಲೇ ತಿಳಿದುಕೊಂಡು ಹೋಗು.

ನಾಡಕಚೇರಿಯಲ್ಲಿ ಕೊಡುವ ವಂಶವೃಕ್ಷ ಪ್ರಮಾಣಪತ್ರವನ್ನು ನಂಬಿ ಕೂರಬೇಡ. ಮನೆಯವರು ಹೇಳಿದ್ದನ್ನೇ ವಿಚಾರಿಸಿ ಬರೆದುಕೊಡುವುದು ಅದು. ಇನ್ನೊಂದು ಮಾತು. ನನ್ನ ಸರ್ವಿಸಿನಲ್ಲಿ ನೋಡಿದ ಹಳೆಯ ಪೌತಿ ಕಾಗದಗಳಲ್ಲಿ ಹೆಣ್ಣುಮಕ್ಕಳ ಹೆಸರು ಬಹಳ ಕಡಿಮೆ. ಮದುವೆಯಾಗಿ ಹೋದವಳನ್ನು ಬರೆಸುತ್ತಲೇ ಇರಲಿಲ್ಲ. ನಿನಗೆ ಬೇಕಾದ ಹೆಸರು ಅಲ್ಲಿ ಸಿಗುವುದು ಕಷ್ಟ.

ಬಾಗಲಕೋಟೆಯಿಂದ

ನಮ್ಮ ಕಡೆ ಹೆಳವರು ಬರುತ್ತಾರೆ. ಮನೆತನಗಳ ವಂಶಾವಳಿ ಹೇಳುವುದೇ ಅವರ ಕಸುಬು. ಯಾವ ಊರು ಯಾರಿಗೆ ಅಂತ ಅವರಲ್ಲೇ ಹಂಚಿಕೆ ಇದೆ. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಬರುತ್ತಿದ್ದರು, ಈಗ ಬೈಕಿನಲ್ಲೂ ಬರುತ್ತಾರೆ. ಹೊಸದಾಗಿ ಹುಟ್ಟಿದವರ ಹೆಸರು ಬರೆದುಕೊಂಡು, ಕಾಳು, ಬಟ್ಟೆ, ದುಡ್ಡು ತೆಗೆದುಕೊಂಡು ಹೋಗುತ್ತಾರೆ. ನಮ್ಮ ಹೆಳವರು ಏಳು ತಲೆಮಾರು ಒಂದೇ ಉಸಿರಿನಲ್ಲಿ ಹೇಳಿದರು. ಮೂಲ ಊರು ಯಾವುದು, ಯಾಕೆ ಬಿಟ್ಟು ಬಂದರು ಅನ್ನುವುದನ್ನೂ ಹೇಳಿದರು. ನಾನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ, ಅದಕ್ಕೂ ಮೊದಲು ಒಪ್ಪಿಗೆ ಕೇಳಿದೆ. ಅದು ಅವರ ಅನ್ನ ಅಲ್ವಾ. ಅವರ ಮಕ್ಕಳು ಬೇರೆ ಕೆಲಸ ಹಿಡಿದಿದ್ದಾರೆ. ನಿಮ್ಮ ಊರಿಗೂ ಹಿಂದೆ ಬರುತ್ತಿದ್ದರಾ ಅಂತ ಹಿರಿಯರನ್ನು ಕೇಳಿ.

ನಮ್ಮ ಭಾಗದ ಹಳೆಯ ಕಾಗದಗಳು ಕೆಲವು ಮೋಡಿ ಲಿಪಿಯಲ್ಲಿವೆ, ಮರಾಠಿಯ ಹಳೆಯ ಕೂಡುಬರಹ ಅದು. ಓದುವವರನ್ನು ಹುಡುಕುವುದಕ್ಕೇ ನನಗೆ ವರ್ಷ ಹಿಡಿಯಿತು.

ಉಡುಪಿಯಿಂದ

ನಮ್ಮಲ್ಲಿ ಲೆಕ್ಕ ತಿರುಗುಮುರುಗು. ಅಳಿಯಕಟ್ಟಿನ, ಅಂದರೆ ತಾಯಿಯ ಕಡೆಯಿಂದ ವಂಶ ಎಣಿಸುವ ಕುಟುಂಬ ನಮ್ಮದು. ಬಳಿ (ಗೋತ್ರದಂಥ ಕುಲದ ಹೆಸರು) ಬರುವುದು ತಾಯಿಯಿಂದ. ಹಳೆಯ ವಿಭಾಗ ಪತ್ರ ಸಿಕ್ಕಿತು, ಅದರಲ್ಲಿ ಒಂದೊಂದು ಕವರೂ (ಕುಟುಂಬದ ಕವಲು) ಒಬ್ಬೊಬ್ಬ ಹೆಂಗಸಿನ ಹೆಸರಿನಿಂದಲೇ ಶುರು. ನನ್ನ ಮರದ ಬುಡದಲ್ಲಿ ಇರುವುದೂ ಒಬ್ಬ ಅಜ್ಜಿಯೇ. ಅವರ ಗಂಡ ಯಾರೆಂದು ಮಾತ್ರ ತಿಳಿಯಲಿಲ್ಲ.

ಬೆಂಗಳೂರಿನಿಂದ

ತಂಗಿ, ನಿನ್ನ ಪ್ರಶ್ನೆ ಓದಿ ಸುಮ್ನೆ ಇರಲು ಆಗಲಿಲ್ಲ. ನಾನೂ ಹೆಂಗಸರ ಹೆಸರನ್ನೇ ಹುಡುಕಿಕೊಂಡು ನಾಲ್ಕು ವರ್ಷ ಓಡಾಡಿದೆ. ನನಗೆ ಜಾಸ್ತಿ ಸಿಕ್ಕಿದ್ದು ಕಚೇರಿಯಲ್ಲಲ್ಲ, ಅಟ್ಟದ ಮೇಲೆ. ಮದುವೆಯ ಮುಯ್ಯಿ (ಉಡುಗೊರೆ) ಬರೆದ ಪುಸ್ತಕ ಇದ್ದರೆ ತೆಗೆದು ನೋಡು. ಯಾವ ಊರಿನ ಯಾರು ಎಷ್ಟು ಮುಯ್ಯಿ ಮಾಡಿದರು ಅಂತ ಬರೆದಿರುತ್ತಾರೆ. ಹೆಣ್ಣಿನ ತವರು ಅಲ್ಲಿ ಸಿಕ್ಕಿಬಿಡುತ್ತದೆ. ಆಮೇಲೆ ತವರಿನಿಂದ ಬಂದ ಹಿತ್ತಾಳೆ, ತಾಮ್ರದ ಪಾತ್ರೆಗಳು. ಅಂಚಿನಲ್ಲಿ ಚುಕ್ಕಿ ಚುಕ್ಕಿಯಾಗಿ ಹೆಸರು ಕೊರೆಸಿರುತ್ತಾರೆ. ನನ್ನ ಮುತ್ತಜ್ಜಿಯ ಹೆಸರು ನಾನು ಮೊದಲು ಓದಿದ್ದು ಒಂದು ಕೊಳಗದ ಮೇಲೆ.

ವಯಸ್ಸಾದವರ ಹತ್ತಿರ ಇಸವಿ ಕೇಳಬೇಡ. ಅವರ ಲೆಕ್ಕ ಸಂವತ್ಸರದ್ದು, ಬರದ್ದು, ಪ್ಲೇಗಿನದ್ದು. 'ಧಾತು ಈಶ್ವರ ಬರದಲ್ಲಿ ಈ ಕಡೆ ಬಂದರಂತೆ' ಅಂದರೆ ಧಾತು, ಈಶ್ವರ ಸಂವತ್ಸರಗಳಲ್ಲಿ ಬಿದ್ದ 1876ರಿಂದ 78ರ ಬರ. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ಮರಳಿ ಬರುತ್ತದೆ, ಹಾಗಾಗಿ ಯಾವ ಸುತ್ತು ಅಂತ ಬೇರೆ ಸಂಗತಿಯಿಂದ ಖಾತ್ರಿ ಮಾಡಿಕೋ. ತಾತನ ಹೆಸರು ಮೊಮ್ಮಗನಿಗೆ ಇಡುವ ಮನೆಯಾದರೆ ಇನ್ನೂ ಹುಷಾರು. ನಾನು ಒಂದೇ ಹೆಸರಿನ ಇಬ್ಬರನ್ನು ಒಬ್ಬರೇ ಅಂದುಕೊಂಡು ಪೂರ್ತಿ ಒಂದು ತಲೆಮಾರು ಕಳೆದುಕೊಂಡಿದ್ದೆ. ಶಾಲೆಯ ದಾಖಲಾತಿ ಪುಸ್ತಕದ ಹುಟ್ಟಿದ ದಿನವನ್ನೂ ಪೂರ್ತಿ ನಂಬಬೇಡ. ಮೇಷ್ಟ್ರು ಅಂದಾಜಿನಲ್ಲಿ ಬರೆದದ್ದು ಬೇಕಾದಷ್ಟಿದೆ.

ದೊಡ್ಡಮ್ಮ, ಚಿಕ್ಕಜ್ಜಿ ಅಂಥವರನ್ನು ಕೇಳುವಾಗ ಪುಸ್ತಕ, ಪೆನ್ನು ಹಿಡಿದು ಎದುರಿಗೆ ಕೂರಬೇಡ. ಅವರೆಕಾಯಿ ಬಿಡಿಸುತ್ತಾ ಕೂತರೆ ತಾನಾಗಿ ಮಾತು ಬರುತ್ತದೆ. ಎರಡನೇ ಸಂಬಂಧ, ದತ್ತು, ಎಳೆಯದರಲ್ಲೇ ಹೋದ ಮಕ್ಕಳು, ಇವನ್ನೆಲ್ಲ ಗಂಡಸರ ಎದುರು ಅವರು ಹೇಳುವುದಿಲ್ಲ. ಹೇಳಿದ್ದನ್ನೆಲ್ಲ ವಾಟ್ಸಾಪ್ ಗ್ರೂಪಿಗೆ ಹಾಕಲೂಬೇಡ.

ಕೇಳಿದವಳು, ಎರಡು ವಾರದ ಮೇಲೆ

ಎಲ್ಲರಿಗೂ ಕೈ ಮುಗಿಯುತ್ತೇನೆ. ಮುಯ್ಯಿ ಪುಸ್ತಕ ಗೆದ್ದಲು ತಿಂದಿದೆ. ಹೆಳವರು ನಮ್ಮ ಊರಿಗೆ ಬಂದದ್ದು ಯಾರಿಗೂ ನೆನಪಿಲ್ಲ. ಅಟ್ಟದಿಂದ ಒಂದು ತಾಮ್ರದ ಹಂಡೆ ಇಳಿಸಿದೆವು, ಪೂರ್ತಿ ಕಿಲುಬು ಹಿಡಿದಿತ್ತು. ಅಪ್ಪ ಹುಣಸೆಹಣ್ಣು ಹಚ್ಚಿ ಬೆಳಗ್ಗೆಯಿಂದ ತಿಕ್ಕುತ್ತಿದ್ದಾರೆ. ಅಂಚಿನಲ್ಲಿ 'ನಂಜ' ಅನ್ನುವಷ್ಟು ಕಾಣಿಸಿದೆ. ಮುಂದಿನ ಅಕ್ಷರದ ಮೇಲೆ ಬೆಸುಗೆ ಬಿದ್ದಿದೆ. ಅಪ್ಪನ ಚಿಕ್ಕಮ್ಮ ಅರಸೀಕೆರೆಯಲ್ಲಿದ್ದಾರೆ, ಭಾನುವಾರ ಹಂಡೆಯ ಫೋಟೋ ತೆಗೆದುಕೊಂಡು ಹೋಗಿ ತೋರಿಸುತ್ತೇನೆ.