ಒಬ್ಬರ ನಡತೆ ಎಂಥದ್ದು ಅಂತ ತಿಳಿಯೋದು ಹೇಗೆ? ಏನನ್ನು ಗಮನಿಸಬೇಕು?

ಹೊಸಿಲು:
ಒಬ್ಬರ ಜೊತೆ ಪಾಲುದಾರಿಕೆಗೆ ಇಳಿಯುವ ಮುಂಚೆ, ಅಥವಾ ಹತ್ತು ಜನರ ಹಣ ಅವರ ಕೈಗೆ ಒಪ್ಪಿಸುವ ಮುಂಚೆ, ಮನುಷ್ಯ ಎಂಥವರು ಅಂತ ತಿಳ್ಕೊಳ್ಳೋದು ಹೇಗೆ? ಪರಿಚಯ ಎರಡು ಮೂರು ತಿಂಗಳದ್ದು ಅಂತಿಟ್ಟುಕೊಳ್ಳಿ. ಮಾತು ನಯ, ಎಲ್ಲರಿಗೂ ಬೇಕಾದವರು, ಕಣ್ಣಲ್ಲಿ ಕಣ್ಣಿಟ್ಟು ಮಾತಾಡ್ತಾರೆ. ‘ಮುಖ ನೋಡಿದ್ರೇ ಗೊತ್ತಾಗುತ್ತೆ’ ಅನ್ನೋರಿದ್ದಾರೆ, ‘ಇನ್ನೊಬ್ಬರನ್ನ ಅಳೆಯೋಕೆ ನಾವ್ಯಾರು’ ಅನ್ನೋರೂ ಇದ್ದಾರೆ. ಎರಡರಿಂದಲೂ ಕೆಲಸ ಆಗಲ್ಲ. ಬಲ್ಲವರು ಬಿಡಿಸಿ ಹೇಳಿ.

ತಕ್ಕಡಿ:
ಮೊದಲು ಪ್ರಶ್ನೆಯನ್ನು ಚಿಕ್ಕದು ಮಾಡಿ. ‘ಒಳ್ಳೆಯವರಾ?’ ಅಂತ ಕೇಳಿದರೆ ಉತ್ತರ ಸಿಗೋದಿಲ್ಲ. ‘ಬೇರೆಯವರ ಹಣದ ಲೆಕ್ಕ ಕೇಳುವ ಮುಂಚೆಯೇ ಕೊಡ್ತಾರಾ?’ ಅಂದರೆ ಸಿಗುತ್ತೆ. ಕರುಣೆ ಇದ್ದವರಲ್ಲಿ ಶಿಸ್ತು ಇರಲೇಬೇಕು ಅಂತೇನಿಲ್ಲ, ಪ್ರಾಮಾಣಿಕರು ಒರಟರೂ ಆಗಿರಬಹುದು. ನಾವು ಒಂದು ಗುಣ ಕಂಡು ಉಳಿದದ್ದನ್ನೆಲ್ಲ ಅದರ ಬೆನ್ನಿಗೇ ಕಟ್ಟಿಬಿಡ್ತೀವಿ. 1920ರಲ್ಲೇ ಅಮೆರಿಕದ ಮನಶ್ಶಾಸ್ತ್ರಜ್ಞ ಥಾರ್ನ್‌ಡೈಕ್ ಇದನ್ನು ತೋರಿಸಿದ್ದರು: ಸೇನಾಧಿಕಾರಿಗಳು ತಮ್ಮ ಕೈಕೆಳಗಿನವರಿಗೆ ಅಂಕ ಕೊಡುವಾಗ, ಮೈಕಟ್ಟಿಗೆ ಹೆಚ್ಚು ಅಂಕ ಪಡೆದವನಿಗೆ ಬುದ್ಧಿಗೂ ನಡತೆಗೂ ಹೆಚ್ಚು ಅಂಕ ಬೀಳುತ್ತಿತ್ತು.

ಕಣ್ಣಲ್ಲಿ ಕಣ್ಣಿಡುವುದನ್ನು ಲೆಕ್ಕದಿಂದಲೇ ತೆಗೆದುಹಾಕಿ. ಸುಳ್ಳು ಪತ್ತೆಹಚ್ಚುವ ಬಗೆಗಿನ ಪ್ರಯೋಗಗಳನ್ನೆಲ್ಲ ಬಾಂಡ್ ಮತ್ತು ಡಿಪಾಲೊ ಎಂಬ ಮನಶ್ಶಾಸ್ತ್ರಜ್ಞರು 2006ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ಜನ ಸರಿಯಾಗಿ ಗುರುತಿಸಿದ್ದು ಸರಾಸರಿ ನೂರಕ್ಕೆ 54 ಸಲ. ನಾಣ್ಯ ಚಿಮ್ಮಿದರೂ 50 ಬರುತ್ತೆ.

ನೋಡಬೇಕಾದ್ದು, ಆ ನಡೆಯಿಂದ ಅವರಿಗೆ ಏನಾದರೂ ನಷ್ಟ ಇತ್ತಾ ಅನ್ನೋದು. ಖರ್ಚಿಲ್ಲದ ಒಳ್ಳೆಯತನ ಎಲ್ಲರ ಹತ್ತಿರವೂ ಇರುತ್ತೆ. ಲೆಕ್ಕದಲ್ಲಿ ತಪ್ಪು ತಮ್ಮ ಲಾಭಕ್ಕೇ ಬಿದ್ದಾಗ ತಾವಾಗಿ ಹೇಳ್ತಾರಾ? ಕೆಲಸ ತಡವಾಗುತ್ತೆ ಅಂತ ಗೊತ್ತಾದ ದಿನವೇ ತಿಳಿಸ್ತಾರಾ, ಗಡುವಿನ ದಿನ ಫೋನ್ ಎತ್ತದೆ ಕೂರ್ತಾರಾ? ಯಾರಿಂದ ತಮಗೆ ಏನೂ ಆಗಬೇಕಿಲ್ಲವೋ ಅಂಥವರ ಜೊತೆ ದನಿ ಹೇಗಿರುತ್ತೆ? ಕೊನೆಯದನ್ನು ಜನ ಬಹಳ ಹೊಗಳ್ತಾರೆ, ನನಗೆ ಅಷ್ಟು ಭರವಸೆ ಇಲ್ಲ. ಯಾರೋ ನೋಡ್ತಿದ್ದಾರೆ ಅಂತ ಗೊತ್ತಿದ್ದರೆ ಅದನ್ನೂ ನಟಿಸಬಹುದು.

ಗಾಳಿಮಾತು:
ತಕ್ಕಡಿಯವರು ಹೇಳಿದ್ದು ಸರಿ, ಆದರೆ ಸಂದರ್ಭವನ್ನು ಪೂರ್ತಿ ಬಿಟ್ಟಿದ್ದಾರೆ. 1973ರಲ್ಲಿ ಡಾರ್ಲಿ ಮತ್ತು ಬ್ಯಾಟ್ಸನ್ ಎಂಬ ಮನಶ್ಶಾಸ್ತ್ರಜ್ಞರು ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಕ್ರೈಸ್ತ ಧರ್ಮಶಾಸ್ತ್ರದ 40 ವಿದ್ಯಾರ್ಥಿಗಳನ್ನು ಒಂದು ಕಟ್ಟಡದಿಂದ ಇನ್ನೊಂದಕ್ಕೆ, ಅಲ್ಲಿ ಮಾತಾಡಬೇಕು ಅಂತ ಹೇಳಿ ಕಳಿಸಿದರು. ದಾರಿಯಲ್ಲಿ ಅವರೇ ಕೂರಿಸಿದ್ದ ಒಬ್ಬ ಕುಸಿದವನಂತೆ ನರಳುತ್ತಿದ್ದ. ಅವಸರ ಇಲ್ಲದವರಲ್ಲಿ ನೂರಕ್ಕೆ 63 ಮಂದಿ ಏನಾದರೂ ಸಹಾಯ ಮಾಡಿದರು, ‘ತಡವಾಯಿತು, ಬೇಗ ಹೋಗಿ’ ಎಂದು ಅಟ್ಟಲ್ಪಟ್ಟವರಲ್ಲಿ 10 ಮಾತ್ರ. ಅರ್ಧದಷ್ಟು ಮಂದಿ ಮಾತಾಡಲು ಹೊರಟಿದ್ದ ವಿಷಯವೇ ದಾರಿಯಲ್ಲಿ ಬಿದ್ದವನಿಗೆ ನೆರವಾದವನ ಬೈಬಲ್ ದೃಷ್ಟಾಂತ! ಅದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸವೇನೂ ಆಗಲಿಲ್ಲ.

ಹಾಗಾಗಿ ಯಾರಾದರೂ ಸಿಡುಕಿದ್ದು ಕಂಡರೆ, ಆ ಹೊತ್ತಿಗೆ ನಿದ್ದೆ, ಅವಸರ, ಹಣದ ಒತ್ತಡ ಹೇಗಿತ್ತು ಅಂತ ಕೇಳಿಕೊಳ್ಳಿ. ನಾವು ತಪ್ಪು ಮಾಡಿದಾಗ ‘ಪರಿಸ್ಥಿತಿ ಹಾಗಿತ್ತು’, ಅವರು ಮಾಡಿದಾಗ ‘ಬುದ್ಧಿಯೇ ಹಾಗೆ’ ಅಂತೀವಲ್ಲ, ಅಲ್ಲೇ ಎಡವೋದು.

ಕಡತ:
ಹಾಗಂತ ನಡತೆ ಅನ್ನೋದೇ ಇಲ್ಲ ಅಂತಲೂ ಅಲ್ಲ. ಹಾರ್ಟ್‌ಶಾರ್ನ್ ಮತ್ತು ಮೇ ಎಂಬ ಅಮೆರಿಕದ ಸಂಶೋಧಕರು 1920ರ ದಶಕದಲ್ಲಿ ಸಾವಿರಾರು ಶಾಲಾಮಕ್ಕಳಿಗೆ ಮೋಸಕ್ಕೆ ಅವಕಾಶ ಇರುವಂಥ ಪರೀಕ್ಷೆಗಳನ್ನು ಕೊಟ್ಟಿದ್ದರು. ಒಂದು ಕಡೆ ನಕಲು ಮಾಡಿದ ಮಗು ಇನ್ನೊಂದು ಕಡೆಯೂ ಮೋಸ ಮಾಡುತ್ತೆ ಅನ್ನೋ ನಂಟು ತೀರಾ ಸಡಿಲವಾಗಿತ್ತು. ಆದರೆ ಹಲವು ಪರೀಕ್ಷೆಗಳನ್ನು ಕೂಡಿಸಿ ನೋಡಿದರೆ ಆ ನಂಟು ಗಟ್ಟಿಯಾಗುತ್ತೆ. ಒಂದು ಘಟನೆಯ ಮೇಲೆ ತೀರ್ಪು ಕೊಡಬಾರದು ಅನ್ನೋದಕ್ಕೆ ಇದೇ ಕಾರಣ, ಉದಾರತೆ ಅಲ್ಲ.

ನನ್ನ ಸಲಹೆ: ಒಂದು ಹಾಳೆಯಲ್ಲಿ ಮೂರು ಕಾಲಂ. ದಿನಾಂಕ ಮತ್ತು ಏನಾಯಿತು, ಆ ಹೊತ್ತಿನ ಒತ್ತಡ, ಅವರಿಗೆ ತಗುಲಿದ ನಷ್ಟ. ‘ಬೇಜವಾಬ್ದಾರಿ’ ಅಂತ ಬರೀಬೇಡಿ, ‘ಸೋಮವಾರ ಕೊಡ್ತೀನಿ ಅಂದಿದ್ದ ರಸೀದಿ ಗುರುವಾರ, ಎರಡು ಸಲ ಕೇಳಿದ ಮೇಲೆ ಬಂತು’ ಅಂತ ಬರೀರಿ. ಬೇರೆ ಬೇರೆ ಸಂದರ್ಭದ ಎಂಟು ಹತ್ತು ಸಾಲು ಆಗುವವರೆಗೆ ತೀರ್ಪು ಬೇಡ. ಅಷ್ಟರಲ್ಲಿ ಸಣ್ಣ ಜವಾಬ್ದಾರಿ ಕೊಡಿ, ಕಳೆದುಹೋದರೂ ತಡೆದುಕೊಳ್ಳಬಹುದಾದಷ್ಟು. ಅದು ಸರಿಯಾಗಿ ಮುಗಿದರೆ ಸ್ವಲ್ಪ ದೊಡ್ಡದು. ಮೊದಲ ಸಲವೇ ಪೂರ್ತಿ ಒಪ್ಪಿಸಿ ‘ನಂಬಿದ್ದೆ’ ಅನ್ನೋದು ನಂಬಿಕೆ ಅಲ್ಲ, ಸೋಮಾರಿತನ.

ಒರೆಗಲ್ಲು:
ತಪ್ಪಾದ ಮೇಲೆ ಏನು ಮಾಡ್ತಾರೆ ಅನ್ನೋದನ್ನ ಯಾರೂ ಹೇಳಲಿಲ್ಲ. ನನಗೆ ಕೇಳಿದರೆ ಎಲ್ಲಕ್ಕಿಂತ ಹೆಚ್ಚು ತಿಳಿಯೋದು ಅಲ್ಲೇ. ‘ನಿಮಗೆ ಬೇಜಾರಾಗಿದ್ರೆ ಸಾರಿ’ ಅಂದರೆ ಅದರಲ್ಲಿ ತಪ್ಪು ಮಾಡಿದವರೇ ಇಲ್ಲ, ಬೇಜಾರಾದವರು ಮಾತ್ರ ಇದ್ದಾರೆ. ‘ಕಾಗದ ನಾನೇ ಕಳಿಸಲಿಲ್ಲ, ನಿಮ್ಮ ಎರಡು ದಿನ ಹಾಳಾಯ್ತು, ಇವತ್ತು ಸಂಜೆಯೊಳಗೆ ತಂದುಕೊಡ್ತೀನಿ’ ಅಂದರೆ ಮಾಡಿದ್ದು, ಆದ ಹಾನಿ, ಸರಿಪಡಿಸುವ ದಾರಿ ಮೂರೂ ಬಂತು. ಸಂಜೆ ತಂದುಕೊಟ್ಟರಾ, ಮುಂದಿನ ತಿಂಗಳು ಅದೇ ತಪ್ಪು ಮರುಕಳಿಸಿತಾ ಅಂತ ನೋಡಿ. ಸೊಗಸಾಗಿ ಕ್ಷಮೆ ಕೇಳಿ ಅದನ್ನೇ ಮತ್ತೆ ಮಾಡುವವರು ಒರಟರಿಗಿಂತ ಅಪಾಯ.

ಹಿಂದೆ ಅವರ ಜೊತೆ ಕೆಲಸ ಮಾಡಿದವರನ್ನು ವಿಚಾರಿಸುವಾಗ ‘ಹೇಗೆ ಮನುಷ್ಯ?’ ಅನ್ನಬೇಡಿ, ‘ಪರವಾಗಿಲ್ಲ, ಒಳ್ಳೆಯವರು’ ಅಂತಾರೆ ಅಷ್ಟೆ. ‘ಕೊನೇ ಸಲ ಅವರಿಗೂ ನಿಮಗೂ ಭಿನ್ನಾಭಿಪ್ರಾಯ ಬಂದಾಗ ಏನಾಯ್ತು?’ ಅಂತ ಕೇಳಿ. ಆಮೇಲೆ ಸುಮ್ಮನಿರಿ, ನಡುವೆ ಮಾತು ತುಂಬಬೇಡಿ. ಜಗಳವಾಗಿ ಬೇರೆಯಾದವರನ್ನೂ ಕೇಳಿ, ಆದರೆ ಬೈಗುಳ ಬಿಟ್ಟು ಘಟನೆಗಳನ್ನಷ್ಟೇ ಹಾಳೆಗೆ ಇಳಿಸಿ.

ಹೊಸಿಲು:
ಎಲ್ಲರಿಗೂ ಧನ್ಯವಾದ. ಒಂದು ಅನುಮಾನ. ಬೇಕಂತಲೇ ಲೆಕ್ಕದಲ್ಲಿ ಸ್ವಲ್ಪ ಹೆಚ್ಚು ಹಣ ಇಟ್ಟು ವಾಪಸ್ ಕೊಡ್ತಾರಾ ಅಂತ ಪರೀಕ್ಷೆ ಮಾಡಬಹುದಾ?

ಕಡತ:
ಬೇಡ. ಕೊಡದಿದ್ದರೆ ಗಮನಿಸಲೇ ಇಲ್ಲವೋ, ಇಟ್ಟುಕೊಂಡರೋ ಗೊತ್ತಾಗಲ್ಲ. ಕೊಟ್ಟರೂ ಅದು ನಿಮ್ಮ ಹಾಳೆಯಲ್ಲಿ ಒಂದೇ ಸಾಲು. ಮುಂದೆ ಯಾವತ್ತಾದರೂ ಅವರಿಗೆ ತಿಳಿದರೆ, ಅವರ ಹಾಳೆಯಲ್ಲಿ ನಿಮ್ಮ ಹೆಸರಿನ ಮುಂದೆ ಏನು ಬರೆದಿರುತ್ತೆ ಅಂತಲೂ ಯೋಚಿಸಿ.